ಬಾಲ್ಕನಿಯಲ್ಲೊಂದು ಹುತ್ತ

ಕಾಲೇಜಿಗೆ ತನಿಖಾ ಸಮಿತಿ ಬರುವುದೆಂದರೆ ಮನೆಗೆ ಬೀಗರು ಬಂದ ಹಾಗೆ. ವರ್ಷವಿಡೀ ಸೋರುತ್ತಿದ್ದ ನಲ್ಲಿ ಒಂದೇ ದಿನದಲ್ಲಿ ರಿಪೇರಿಯಾಗುತ್ತದೆ, ಗೋಡೆಗೆ ಸುಣ್ಣ ಬೀಳುತ್ತದೆ, ಬೀಗ ಹಾಕಿಟ್ಟ ಶೌಚಾಲಯದ ಕೀಲಿ ಎಲ್ಲಿಂದಲೋ ಸಿಗುತ್ತದೆ. ಆ ವರ್ಷ ನಾಗಪುರದ ಹಳೇ ಪೇಟೆ ಮಹಾಲ್‌ನಲ್ಲಿದ್ದ ನಮ್ಮ ಕಾಲೇಜಿಗೆ ಇದೆಲ್ಲದರ ಜೊತೆಗೆ ಗೆದ್ದಲಿನ ಔಷಧಿಯೂ ಬಂತು. ಹಳೆಯ ವಾಡೆಯೊಂದಕ್ಕೆ ಫಲಕ ಹಾಕಿ ಕಾಲೇಜು ಮಾಡಿದ್ದರು. ಅದರ ಕದ ಕಿಟಕಿಗಳನ್ನೆಲ್ಲ ಗೆದ್ದಲು ತಿಂದಿತ್ತು. ಅದೇ ಕಟ್ಟಡದ ಪ್ರಯೋಗಾಲಯದ ಮೂಲೆಯಲ್ಲಿ, ಒಂದು ಗಾಜಿನ ಪೆಟ್ಟಿಗೆಯಲ್ಲಿ, ನಾನು ಗೆದ್ದಲನ್ನೇ ಸಾಕುತ್ತಿದ್ದೆ.

ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತು, "ಮ್ಯಾಡಮ್, ನಾಳೆ ಔಷಧಿ ಹೊಡೆಯುವವರು ಬರುತ್ತಾರೆ. ನಿಮ್ಮ ಮಕ್ಕಳನ್ನು ಮನೆಗೆ ಕರೆದುಕೊಂಡು ಹೋಗಿಬಿಡಿ" ಎಂದು ಮರಾಠಿಯಲ್ಲಿ ತಮಾಷೆ ಮಾಡಿದರು. ನಗುವಷ್ಟು ತ್ರಾಣ ನನಗೆ ಇರಲಿಲ್ಲ.

ಆ ಪೆಟ್ಟಿಗೆ ನನ್ನ ಪಿಎಚ್.ಡಿ. ಆಗಿತ್ತು. ನಾನು ತಾಸಿನ ಲೆಕ್ಕದ ಅಧ್ಯಾಪಕಿ, ಸೂಕ್ಷ್ಮಜೀವಿಗಳ ಪಾಠ ಹೇಳುತ್ತೇನೆ. ಎಷ್ಟು ತಾಸು ಪಾಠವೋ ಅಷ್ಟೇ ಸಂಬಳ. ಬೇಸಿಗೆಯಲ್ಲಿ ನನ್ನ ಜೊತೆ ಸಂಬಳಕ್ಕೂ ರಜೆ. ಬೆಳಿಗ್ಗೆ ಮಹಾಲ್‌ನ ಗಲ್ಲಿಗಳಲ್ಲಿ ಸ್ಕೂಟರ್ ತೂರಿಸಿಕೊಂಡು ಒಂದು ಕಾಲೇಜು, ಮಧ್ಯಾಹ್ನ ಉಮರೇಡ್ ರಸ್ತೆಯಲ್ಲಿ ಕಲ್ಲಿದ್ದಲಿನ ಲಾರಿಗಳ ಹಿಂದೆ ಧೂಳು ಕುಡಿಯುತ್ತ ಇನ್ನೊಂದು ಕಾಲೇಜು. ಈಗೀಗ ಪಿಎಚ್.ಡಿ. ಇದ್ದವರಿಗೆ ಮೊದಲು ತಾಸು ಹಂಚಿ, ಉಳಿದರೆ ನನ್ನಂಥವರಿಗೆ ಕೊಡುತ್ತಿದ್ದರು. ನಾನೇ ಪಾಠ ಹೇಳಿದ ಹುಡುಗಿಯರು ಪಿಎಚ್.ಡಿ. ಮುಗಿಸಿ ಬಂದು, "ನಮಸ್ಕಾರ ಮ್ಯಾಡಮ್" ಎಂದು ವಿನಯದಿಂದ ನನ್ನ ತಾಸು ತೆಗೆದುಕೊಂಡು ಹೋಗುತ್ತಿದ್ದರು. ನನಗೆ ಐವತ್ತು ಹತ್ತಿರ ಬಂದಿತ್ತು. ವಿಶ್ವವಿದ್ಯಾಲಯ ಅವಧಿಯನ್ನು ಹಿಗ್ಗಿಸಿ ಹಿಗ್ಗಿಸಿ, ಇದೇ ಕೊನೆಯ ಸಲ ಎಂದು ಹೇಳಿತ್ತು. ಆ ವರ್ಷ ದೀಪಾವಳಿಯ ಒಳಗೆ ಪ್ರಬಂಧ ಕೊಡದಿದ್ದರೆ ಅಲ್ಲಿಗೆ ಮುಗಿಯಿತು.

ವಿಷಯ ಮಾತ್ರ ಚಂದದ್ದು, ಅದನ್ನು ಒಪ್ಪಿಕೊಳ್ಳಬೇಕು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಎಲೆ ಕತ್ತರಿಸಿ ತಂದು ಅದರ ಮೇಲೆ ಅಣಬೆ ಬೆಳೆದು ತಿನ್ನುವ ಇರುವೆಗಳಿವೆ. ಬೆಳೆ ಅಂದ ಮೇಲೆ ಕಳೆ ಇದ್ದದ್ದೇ. ಬೇರೊಂದು ಬೂಷ್ಟು ತೋಟಕ್ಕೆ ನುಗ್ಗಿ ಅಣಬೆಯನ್ನೇ ತಿಂದು ಹಾಕುತ್ತದೆ, ಇರುವೆಗಳು ಉಪವಾಸ ಬೀಳುತ್ತವೆ. ಹಾಗಾಗದಂತೆ ಆ ಇರುವೆಗಳು ಮೈಮೇಲೆ ಒಂದು ಜಾತಿಯ ಬ್ಯಾಕ್ಟೀರಿಯಾ ಸಾಕಿಕೊಂಡಿರುತ್ತವೆ. ಎದೆಗೆ ವಿಭೂತಿ ಬಳಿದುಕೊಂಡ ಹಾಗೆ ಬೆಳ್ಳಗೆ ಕಾಣುತ್ತದೆ. ಆ ಬ್ಯಾಕ್ಟೀರಿಯಾ ಒಸರುವ ಔಷಧಿಗೆ ಕಳೆ ಬೂಷ್ಟು ಸಾಯುತ್ತದೆ, ಬೆಳೆ ಉಳಿಯುತ್ತದೆ. ಬ್ಯಾಕ್ಟೀರಿಯಾಕ್ಕೆ ಇರುವೆಯ ಮೈಯೇ ಮನೆ, ಅಲ್ಲೇ ಊಟ. ಈ ಪಾಠ ಮಾಡಿದಾಗಲೆಲ್ಲ ಯಾರಾದರೊಬ್ಬಳು, "ಮ್ಯಾಡಮ್, ನಮ್ಮ ನಾಗಪುರದಲ್ಲಿ ಈ ಇರುವೆ ಇದೆಯಾ?" ಎಂದು ಕೇಳುತ್ತಾಳೆ. ಇಲ್ಲ. ನಮ್ಮಲ್ಲಿ ಅಣಬೆಯ ಬೇಸಾಯ ಮಾಡುವುದು ಗೆದ್ದಲು.

ಹುತ್ತದ ಕೆಳಗೆ, ನೆಲದೊಳಗೆ, ಗೆದ್ದಲು ಒಣ ಕಡ್ಡಿಯನ್ನು ಅಗಿದು ಸ್ಪಂಜಿನಂಥ ಗಡ್ಡೆ ಕಟ್ಟಿ ಅದರಲ್ಲಿ ಅಣಬೆ ಬೆಳೆಯುತ್ತದೆ. ಅಲ್ಲಿಯೂ ಕಳೆ ಉಂಟು. ಗೆದ್ದಲು ಬಿಟ್ಟುಹೋದ ತೋಟವನ್ನು ಕೆಲವೇ ದಿನದಲ್ಲಿ ಕರಿ ಕಡ್ಡಿಗಳಂಥ ಬೂಷ್ಟು ಆವರಿಸಿಕೊಳ್ಳುತ್ತದೆ. ಗೆದ್ದಲಿನ ಹೊಟ್ಟೆಯಲ್ಲಿ, ತೋಟದಲ್ಲಿ ಇರುವ ಬ್ಯಾಕ್ಟೀರಿಯಾಗಳು ಆ ಕಳೆಯನ್ನು ಎಷ್ಟರಮಟ್ಟಿಗೆ ತಡೆಯುತ್ತವೆ ಎನ್ನುವುದೇ ನನ್ನ ಪ್ರಶ್ನೆ. ಗಾಜಿನ ತಟ್ಟೆಯಲ್ಲಿ ಅವು ಕಳೆಯನ್ನು ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಆದರೆ ನನ್ನ ಗೈಡ್, ನನಗಿಂತ ಚಿಕ್ಕವರಾದ ಮರಾಠಿ ಹೆಂಗಸು, ಒಪ್ಪಲಿಲ್ಲ. "ತಟ್ಟೆಯಲ್ಲಿ ಗೆದ್ದರೆ ಪರೀಕ್ಷಕರು ಕೇಳುವುದಿಲ್ಲ. ಜೀವಂತ ಗೂಡಿನಲ್ಲಿ ಗೆದ್ದು ತೋರಿಸಿ" ಎಂದರು. ಗೂಡು ಬದುಕಬೇಕಾದರೆ ರಾಣಿ ಬೇಕು. ರಾಣಿ ಇರುವುದು ಮಾರುದ್ದ ಆಳದಲ್ಲಿ, ಕಲ್ಲಿನಂಥ ಮಣ್ಣಿನ ಗೂಡೊಳಗೆ. ವರ್ಷಗಟ್ಟಲೆ ಅಗೆದು, ಸೊಂಟ ಮುರಿದುಕೊಂಡು, ಕಡೆಗೆ ಒಂದು ಚಳಿಗಾಲದಲ್ಲಿ ಉಮರೇಡ್ ಹತ್ತಿರದ ಹೊಲವೊಂದರ ಬದುವಿನಲ್ಲಿ ರಾಣಿ ಇದ್ದ ಗೂಡು ಇಡಿಯಾಗಿ ಸಿಕ್ಕಿತು. ಅದೇ ಆ ಪೆಟ್ಟಿಗೆಯಲ್ಲಿದ್ದದ್ದು.

ಪೆಟ್ಟಿಗೆಯನ್ನು ಆಟೋದಲ್ಲಿ ಮಡಿಲಲ್ಲಿಟ್ಟುಕೊಂಡು ಲಕ್ಷ್ಮೀ ನಗರದ ನಮ್ಮ ಫ್ಲ್ಯಾಟಿಗೆ ತಂದೆ. ಬಾಗಿಲು ತೆಗೆದವಳು ಅವ್ವ. ಅವ್ವ ಗದಗಿನ ಕಡೆಯವಳು. ಅಪ್ಪನಿಗೆ ರೈಲ್ವೆಯಲ್ಲಿ ನಾಗಪುರಕ್ಕೆ ವರ್ಗವಾದಾಗ ಬಂದವಳು, ಅಪ್ಪ ಹೋದ ಮೇಲೆ ನನ್ನ ಜೊತೆಗೇ ಇದ್ದಾಳೆ. ನನ್ನ ಗಂಡ ಬ್ಯಾಂಕಿನ ಕೆಲಸದಲ್ಲಿ ಬೇರೆ ಊರಲ್ಲಿದ್ದಾರೆ. ಹಬ್ಬಕ್ಕೆ ಬರುತ್ತಾರೆ, ಹೋಳಿಗೆ ಆರುವ ಮೊದಲೇ ಹೊರಡುತ್ತಾರೆ. ಹೀಗಾಗಿ ಮನೆಯಲ್ಲಿ ಅವ್ವ, ನಾನು, ಕಾಲೇಜು ಓದುವ ಮಗಳು, ಮೂವರೇ.

"ಏನವಾ ಇದು?"

"ಗೆದ್ದಲ."

"ಗೆದ್ದಲಾ? ಮಂದಿ ಗೆದ್ದಲ ಹೊರಗ ಹಾಕಾಕ ಬಡಕೊಂತಾರ, ನೀ ಹೊತಗೊಂಡ ಬಂದೀಯಲ್ಲ! ಚೌಕಟ್ಟ ತಿಂತಾವ, ಕಪಾಟ ತಿಂತಾವ, ಆಮ್ಯಾಲ ನನ್ನೂ ತಿಂತಾವ" ಎನ್ನುತ್ತ ಅವ್ವ ಆಗಲೇ ಫಿನಾಯಿಲ್ ಬಾಟಲಿಯ ಕಡೆ ಹೊರಟಿದ್ದಳು. ಮೊಣಕಾಲು ನೋವಿನವಳು ಆ ವೇಗದಲ್ಲಿ ನಡೆದದ್ದನ್ನು ನಾನು ಎಷ್ಟೋ ದಿನದಿಂದ ನೋಡಿರಲಿಲ್ಲ. ಬ್ಯಾಕ್ಟೀರಿಯಾ, ಅಣಬೆ ಎಂದೆಲ್ಲ ವಿವರಿಸುವ ತಾಳ್ಮೆ ನನಗೂ ಉಳಿದಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ: "ಅವ್ವ, ಇದು ಹುತ್ತ. ಹುತ್ತದ ಒಳಗಿಂದ ತಂದದ್ದು. ಮುಟ್ಟಬ್ಯಾಡ."

ಅವ್ವ ನಿಂತುಬಿಟ್ಟಳು. ಬಾಟಲಿ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಪೆಟ್ಟಿಗೆಯನ್ನು ದೂರದಿಂದಲೇ ನೋಡಿ ಎರಡೂ ಕೆನ್ನೆ ಮುಟ್ಟಿಕೊಂಡಳು. ಹುತ್ತವೆಂದರೆ ನಾಗಪ್ಪನ ಮನೆ. ಮಗಳು ಮರುದಿನ ಓಡಿಬಂದು, "ಮಮ್ಮಿ, ಅಜ್ಜಿ ಆ ಪೆಟ್ಟಿಗೆಗೆ ನಮಸ್ಕಾರ ಮಾಡ್ತಾಳ, ಖರಂಚ್!" ಎಂದು ಮರಾಠಿ ಬೆರೆಸಿ ವರದಿ ಕೊಟ್ಟಳು. ಮಾಡಲಿ ಬಿಡು ಎಂದೆ. ಪೆಟ್ಟಿಗೆ ಇಟ್ಟಿದ್ದ ಅಡುಗೆಮನೆಯ ಹಿಂದಿನ ಬಾಲ್ಕನಿಯ ಮೂಲೆಗೆ ಕಸಬರಿಗೆ ಹೋಗಲಿಲ್ಲ, ಔಷಧಿ ಹೋಗಲಿಲ್ಲ, ಚಪ್ಪಲಿ ಕೂಡ ಹೋಗಲಿಲ್ಲ. ಕಾಲೇಜಿನ ಪ್ರಯೋಗಾಲಯದಲ್ಲೂ ನನ್ನ ಗೂಡಿಗೆ ಅಷ್ಟು ಒಳ್ಳೆಯ ಕಾವಲು ಸಿಕ್ಕಿರಲಿಲ್ಲ. ಅಲ್ಲಿ ಔಷಧಿಯ ವಾಸನೆ ಇನ್ನೂ ಹೋಗಿರಲಿಲ್ಲವಾದ್ದರಿಂದ ಪೆಟ್ಟಿಗೆ ಮಳೆಗಾಲಕ್ಕೂ ಇಲ್ಲೇ ಉಳಿಯಿತು.

ಆ ದಿನಗಳು ಹೇಗೆ ಕಳೆದವೋ ನೆನಪಿಲ್ಲ. ದಣಿವು ಮಾತ್ರ ನೆನಪಿದೆ. ಬೆಳಿಗ್ಗೆ ಎದ್ದು ರೊಟ್ಟಿ ಬಡಿದು, ಗೆದ್ದಲಿಗೆ ನೀರು ಚಿಮುಕಿಸಿ, ಎರಡು ಕಾಲೇಜು ಸುತ್ತಿ, ಸಂಜೆ ಬಂದು ಮತ್ತೆ ಪೆಟ್ಟಿಗೆಯ ಮುಂದೆ ಕುಳಿತುಕೊಳ್ಳುವುದು. ಗೂಡಿನಿಂದ ಒಂದಿಷ್ಟು ಗೆದ್ದಲನ್ನು ಬೇರೆ ಡಬ್ಬಿಗಳಿಗೆ ಹಾಕಿ, ಔಷಧಿ ಬೆರೆಸಿದ ಮೇವಿನಿಂದ ಅವುಗಳ ಬ್ಯಾಕ್ಟೀರಿಯಾ ತೆಗೆದು, ಅವುಗಳ ತೋಟಕ್ಕೆ ಕಳೆ ಬರುತ್ತದೋ ಎಂದು ನೋಡುವುದಿತ್ತು. ದೊಡ್ಡ ಗೂಡಿನಲ್ಲಿ ಕಳೆಯಿಲ್ಲ, ಡಬ್ಬಿಗಳಲ್ಲಿ ಆಗಷ್ಟೇ ಕರಿ ಚುಕ್ಕೆ ಕಾಣಿಸತೊಡಗಿತ್ತು. ಇನ್ನು ಸ್ವಲ್ಪ ದಿನ ತಡೆದರೆ ನನ್ನ ಕೊನೆಯ ಅಧ್ಯಾಯ ಮುಗಿಯುತ್ತಿತ್ತು. ಗೆದ್ದಲುಗಳು ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ನೆಕ್ಕುವುದು, ಹೊರುವುದು, ತೇಪೆ ಹಾಕುವುದು. ಎಲ್ಲರೂ ಅವುಗಳ ದುಡಿಮೆಯನ್ನು ಹೊಗಳುತ್ತಾರೆ. ನನಗೆ ನೋಡಿದರೇ ಸುಸ್ತಾಗುತ್ತಿತ್ತು.

ಪಂಚಮಿ ಬಂತು. ಅವ್ವನ ಕಡೆ ನಾಗರ ಪಂಚಮಿ ಅಂದರೆ ಹೆಣ್ಣುಮಕ್ಕಳಿಗೆ ದೀಪಾವಳಿಗಿಂತ ದೊಡ್ಡದು. ಜೋಕಾಲಿ, ಅಳ್ಳಿಟ್ಟು, ಉಂಡಿ, ಹುತ್ತಕ್ಕೆ ಹಾಲೆರೆಯುವುದು. ಇಲ್ಲಿಗೆ ಬಂದ ಮೇಲೆ ಅವ್ವನಿಗೆ ಹುತ್ತ ಸಿಕ್ಕಿರಲಿಲ್ಲ. "ಹೆಸರಿಗೆ ನಾಗಪುರ, ಹಾಲ ಹಾಕಾಕ ಒಂದ ಹುತ್ತಿಲ್ಲ" ಎಂದು ಗೊಣಗುತ್ತ, ಮಣ್ಣಿನ ನಾಗಪ್ಪನಿಗೋ ಪಟಕ್ಕೋ ಹಾಲು ಮುಟ್ಟಿಸಿ ಸುಮ್ಮನಾಗುತ್ತಿದ್ದಳು. ನಮ್ಮ ಕಾಲೇಜಿಗೆ ಆ ದಿನ ರಜೆ ಇರಲಿಲ್ಲ. ಬೆಳಿಗ್ಗೆ ಅವ್ವ ತಲೆ ಎರೆದುಕೊಂಡು, ವಿಭೂತಿ ಹಚ್ಚಿಕೊಂಡು, ಬಹಳ ಖುಷಿಯಲ್ಲಿದ್ದಳು. ಆ ಖುಷಿ ಯಾಕೆಂದು ನಾನು ಕೇಳಲಿಲ್ಲ, ಸ್ಕೂಟರ್ ಕೀಲಿ ಹುಡುಕುತ್ತಿದ್ದೆ.

ಸಂಜೆ ಬಂದಾಗ ಬಾಲ್ಕನಿಯಲ್ಲಿ ರಂಗೋಲಿ ಇತ್ತು. ಪೆಟ್ಟಿಗೆಯ ಗಾಜಿಗೆ ಅರಿಶಿನ, ಕುಂಕುಮ. ಮೇಲೆ ಹತ್ತಿಯ ಹಾರ. ಮುಚ್ಚಳ ತೆಗೆದಿತ್ತು. ಒಳಗೆ ಬೆಲ್ಲದ ಹಾಲು ನಿಂತಿತ್ತು, ಮಣ್ಣು ಗೋಧಿಯ ಕಣಕದ ಹಾಗೆ ಮೆತ್ತಗಾಗಿ ಕುಸಿದಿತ್ತು. ನೆಲದ ಮೇಲಿಂದ ಗೋಡೆ ಹತ್ತಿ, ಪೆಟ್ಟಿಗೆಯ ಅಂಚು ದಾಟಿ, ಮನೆಯ ಕರಿ ಇರುವೆಗಳು ಸಾಲು ಹಿಡಿದು ಒಳಗಿಳಿಯುತ್ತಿದ್ದವು. ಹಿಂದಿರುಗುವ ಸಾಲಿನ ಬಾಯಲ್ಲಿ ನನ್ನ ಬಿಳಿ ಗೆದ್ದಲುಗಳಿದ್ದವು.

"ಈ ಸಲ ಖರೇ ಹುತ್ತಕ್ಕ ಹಾಲ ಹಾಕಿದ್ನವಾ. ನನ್ನ ಕೊಬ್ಬರಿ ಬಟ್ಟಲದಲೆ ಎರದ್ನಿ. ಮನಸ್ಸ ತುಂಬಿತು" ಎಂದಳು ಅವ್ವ ಹಿಂದಿನಿಂದ.

ನಾನು ಹಾಲು ಬಸಿಯಲು ಕುಳಿತೆ. ಪೇಪರು, ಹತ್ತಿ, ಪಿಪೆಟ್ಟು, ಕೈಗೆ ಸಿಕ್ಕಿದ್ದರಿಂದೆಲ್ಲ ಬಸಿದೆ. ರಾಣಿಯ ಗೂಡು ನೆನೆದು ಬಿರಿದಿತ್ತು. ಬೆರಳುದ್ದದ ರಾಣಿ ಹಾಲಿನಲ್ಲಿ ಮಲಗಿತ್ತು. ಸುತ್ತ ಸೇವಕ ಗೆದ್ದಲುಗಳು ಅದನ್ನು ಬಿಟ್ಟು ಹೋಗಿರಲಿಲ್ಲ, ಜೊತೆಗೇ ಸತ್ತಿದ್ದವು. ಅವ್ವನ ಮುಖ ಸಣ್ಣಗಾಗುವುದು ನನಗೆ ಬೆನ್ನಿಗೇ ತಿಳಿಯುತ್ತಿತ್ತು.

"ತಪ್ಪಾತೇನವಾ?"

"ರಾಣಿ ಸತ್ತಳವ್ವ. ಇನ್ನ ನನ್ನ ಪಿಎಚ್‌ಡಿ ಆಗೂದಿಲ್ಲ."

ಇದಕ್ಕಿಂತ ಮೆತ್ತಗೆ ಹೇಳುವುದು ನನಗೆ ಆಗಲಿಲ್ಲ. ಸಿಟ್ಟು ಬಂದಿತ್ತು, ಅವ್ವನ ಮೇಲೆ, ತನಿಖಾ ಸಮಿತಿಯ ಮೇಲೆ, ನಾಗಪ್ಪನ ಮೇಲೆ. ಯಾರ ಮೇಲೆ ಎಷ್ಟು ಎಂದು ವಿಂಗಡಿಸುವ ಶಕ್ತಿ ಇರಲಿಲ್ಲ. ಆ ವಾರ ಗೂಡು ಕಣ್ಣೆದುರೇ ಹೋಯಿತು. ಹೋಲಿಸಿ ನೋಡಲು ದೊಡ್ಡ ಗೂಡೇ ಇಲ್ಲದ ಮೇಲೆ ಡಬ್ಬಿಗಳೂ ಕೆಲಸಕ್ಕೆ ಬಾರದಾದವು. ಮೊದಲು ಹುಳಿ ವಾಸನೆ, ಆಮೇಲೆ ಹಸಿರು ಬೂಷ್ಟು, ಆಮೇಲೆ ತೋಟದ ತುಂಬ ಕರಿ ಕಡ್ಡಿಗಳು. ಉಳಿದ ನಾಲ್ಕು ಗೆದ್ದಲುಗಳು ಕೊನೆಯವರೆಗೂ ತೇಪೆ ಹಾಕುತ್ತಲೇ ಇದ್ದವು. ಬ್ಯಾಕ್ಟೀರಿಯಾ ಎಷ್ಟೇ ಒಳ್ಳೆಯದಿರಲಿ, ಅದನ್ನು ಸಾಕುವವರು ಇಲ್ಲವಾದರೆ ಅದೂ ಇಲ್ಲ. ಪ್ರಬಂಧಕ್ಕೆ ಇದು ಹೊಸ ಸಂಗತಿಯಲ್ಲ. ನನಗೆ ಮಾತ್ರ ಹೊಸದಾಗಿ ಕಂಡಿತು.

ಗೈಡ್ ಬೇಜಾರಾದರು, ಬೈಯಲಿಲ್ಲ. "ಮಳೆಗಾಲ ಇನ್ನೂ ಇದೆ. ಇನ್ನೊಂದು ರಾಣಿ ಸಿಕ್ಕರೆ ಹೇಗಾದರೂ ಎಳೆದು ಮುಗಿಸೋಣ. ಸಿಗದಿದ್ದರೆ ನಾನೂ ಏನೂ ಮಾಡಲಾರೆ" ಎಂದರು. ಹೊಲದ ಮಾಲೀಕರು ಫೋನಿನಲ್ಲಿ, ಬದುವಿನ ಆ ತುದಿಗೆ ಇನ್ನೊಂದು ಹುತ್ತವಿದೆ, ಬನ್ನಿ ಎಂದರು. ಭಾನುವಾರ ಗುದ್ದಲಿ, ಖಾಲಿ ಡಬ್ಬಿ ಹಿಡಿದು ಹೊರಡುವಾಗ ಅವ್ವ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಹಾಲಿನ ಸ್ಟೀಲ್ ಬಾಟಲಿ.

"ನೀ ಯಾಕ?"

"ನೀ ಅಗೀ. ಅಗದ ಮ್ಯಾಲ ನಾ ನಾಗಪ್ಪಗ ತಪ್ಪಾತಂತ ಹೇಳಿ ಒಂದೀಟ ಹಾಲ ಹಾಕಿ ಬರ್ತೀನಿ. ಅಗಿಯೂಮೊದಲ ಹಾಕಂಗಿಲ್ಲ, ಹಾಲ ಕುಡದ ಹುತ್ತಕ್ಕ ಗುದ್ದಲಿ ಹಚ್ಚಬಾರದು."

ವಾದ ಮಾಡಲು ತ್ರಾಣವಿಲ್ಲದೆ ಆಟೋ ಹತ್ತಿಸಿಕೊಂಡೆ. ಹೊಲ ತಲುಪುವಷ್ಟರಲ್ಲಿ ಮಳೆ ನಿಂತಿತ್ತು. ಆಟೋದವನು ರಸ್ತೆಯಲ್ಲೇ ಉಳಿದ. ಸೋಯಾಬೀನಿನ ಬದುವಿನ ಮೇಲೆ ಬೇವಿನ ಬುಡದಲ್ಲಿ ಹುತ್ತ ಅವ್ವನ ಸೊಂಟದಷ್ಟು ಎತ್ತರವಿತ್ತು. ಅವ್ವ ಅದನ್ನೇ ನೋಡುತ್ತ ಕಲ್ಲಿನ ಮೇಲೆ ಕುಳಿತಳು. ಗುದ್ದಲಿಗೆ ಕೈ ಹಾಕುವ ಮೊದಲು, ಅಷ್ಟು ದಿನ ಒಳಗೇ ಕುದಿಯುತ್ತಿದ್ದದ್ದನ್ನು ಕೇಳಿಯೇಬಿಟ್ಟೆ.

"ಅವ್ವ, ಅಷ್ಟೊಂದು ಹಾಲ ಯಾಕ ಹಾಕಿದಿ? ಒಂದ ಚಮಚ ಹಾಕಿದ್ರ ಸಾಲತಿದ್ದಿಲ್ಲೇನು?"

"ಒಂದ ಚಮಚ ಹೆಂಗ ಸಾಲತತಿ? ಒಬ್ಬೊಬ್ಬರ ಪಾಲ ಬ್ಯಾರೆ ಬ್ಯಾರೆ ಹಾಕಬೇಕಲ್ಲ" ಎಂದು ಅವ್ವ ಬೆರಳು ಮಡಚತೊಡಗಿದಳು. "ದೇವರ ಪಾಲು, ಗುರುವಿನ ಪಾಲು, ನಿಮ್ಮಪ್ಪನ ಪಾಲು. ತವರಮನಿ ಅಣ್ಣನ ಪಾಲು, ತಮ್ಮನ ಪಾಲು. ಅಳಿಯನ ಪಾಲು, ಮೊಮ್ಮಗಳ ಪಾಲು. ನಿನ್ನ ಗೈಡ್ ಬಾಯಿ ಪಾಲು. ನಿನ್ನ ಕಾಲೇಜ ಹುಡುಗ್ಯಾರ ಪಾಲು. ನಿಂದು ಎರಡ ಪಾಲ ಹಾಕಿದೆ. ಒಂದು ನಿನಗ, ಒಂದು ನಿನ್ನ ಪದವಿಗೆ."

ಅವಳು ಮಡಚಿದ ಬೆರಳುಗಳನ್ನು ನಾನೂ ಎಣಿಸಿದೆ. "ಮತ್ತ ನಿನ್ನ ಪಾಲು?" ಎಂದೆ.

"ಹಾಕಾಕಿ ತನ್ನ ಪಾಲ ತಾ ಹಾಕೊಳ್ಳಂಗಿಲ್ಲ. ನಮ್ಮವ್ವ ಇರೂತನಕ ನಂದು ಆಕಿ ಹಾಕತಿದ್ಲು. ಆಮ್ಯಾಲ ಯಾರ ಹಾಕ್ತಾರವಾ." ದೂರು ಹೇಳುವ ದನಿಯೇ ಅಲ್ಲ. ನಲ್ಲಿಯಲ್ಲಿ ನೀರಿಲ್ಲ ಎಂದು ಹೇಳುವಂತೆ ಹೇಳಿದಳು.

ನಾನು ಯೋಚನೆ ಮಾಡಲಿಲ್ಲ. ಮಾಡಿದ್ದರೆ ಆಗುತ್ತಿರಲಿಲ್ಲ. ಅವಳ ಮಡಿಲಿಂದ ಬಾಟಲಿ ತೆಗೆದುಕೊಂಡು ಮುಚ್ಚಳ ತಿರುಗಿಸಿ, "ಅವ್ವನ ಪಾಲು" ಎಂದು ಹುತ್ತದ ನೆತ್ತಿಗೆ ಸುರಿದೆ. ಹಾಲು ಮಣ್ಣಿನ ಮೇಲೆ ಗೆರೆ ಗೆರೆಯಾಗಿ ಇಳಿಯಿತು. ಅಷ್ಟರಲ್ಲಿ ಪದವಿಯೂ ಇಳಿದು ಹೋಯಿತು ಎಂದು ನನಗೆ ಗೊತ್ತಿತ್ತು. ಸುಳ್ಳು ಯಾಕೆ ಹೇಳಲಿ, ಹಗುರಾಯಿತು. ಅಗೆಯುವುದು ಬೇಡ, ಮನೆಗೆ ಹೋಗಿ ಮಲಗಬಹುದು ಅನ್ನಿಸಿತು.

ಅವ್ವ ಮಾತ್ರ ಎದ್ದು ನಿಂತು ಬೆಂಕಿಯಾಗಿದ್ದಳು. "ಹುಚ್ಚಿ! ನನ್ನ ಪಾಲ ನಿನ್ನ ಯಾರ ಕೇಳಿದ್ರು? ಹೇಳಿದ್ನಲ್ಲ, ಹಾಲ ಹಾಕಿದ ಮ್ಯಾಲ ಅಗಿಯಾಕ ಬರೂದಿಲ್ಲಂತ. ಇನ್ನ ನಿನ್ನ ಪದವಿ ಹೆಂಗ?"

"ಹೋಗಲಿ ಬಿಡವ್ವ. ಸಾಕಾಗೇತಿ."

ಅವ್ವ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಬಗ್ಗಿ ಗುದ್ದಲಿ ಎತ್ತಿಕೊಂಡಳು. ಹುಟ್ಟಿದಾಗಿನಿಂದ ಹುತ್ತ ಕಂಡರೆ ಕೈ ಮುಗಿದವಳು, ಹುತ್ತದ ಪಕ್ಕ ಉಗುಳಿದವರನ್ನು ಬೈದವಳು. "ಪಾಪ ಬಂದ್ರ ನನಗ ಬರಲಿ ಅತ್ಲಾಗ. ವಯಸ್ಸಾದಾಕಿಗೆ ಇನ್ನೇನ ಮಾಡೀಯಾನು ನಾಗಪ್ಪ" ಎಂದು, ಹಾಲು ಇನ್ನೂ ಹಸಿಯಾಗಿದ್ದ ನೆತ್ತಿಗೇ ಒಂದು ಏಟು ಹಾಕಿದಳು. ಏಟಿನಲ್ಲಿ ಬಲವಿರಲಿಲ್ಲ. ಒಂದು ಹೆಂಟೆ ಕಿತ್ತು ಬಂತು, ಅಷ್ಟೇ. ಮತ್ತೆ ಎತ್ತಿದಳು. ಬಾಯಲ್ಲಿ ಶಿವ ಶಿವ ಎನ್ನುತ್ತಿದ್ದಳು.

ನಾನು ಗುದ್ದಲಿ ಕಸಿದುಕೊಂಡು ಅಗೆದೆ. ಅವ್ವ ನೋಡುತ್ತಿದ್ದಳು, ಬೇರೆ ದಾರಿ ಇರಲಿಲ್ಲ. ಮಧ್ಯಾಹ್ನ ಕಳೆಯುವವರೆಗೂ ಅಗೆದೆ, ಅಂಗೈ ಬೊಬ್ಬೆ ಬಂತು. ತೋಟಗಳು ಸಿಕ್ಕವು, ಗೆದ್ದಲು ಸಿಕ್ಕವು. ರಾಣಿ ಸಿಗಲಿಲ್ಲ. ಇನ್ನೂ ಆಳದಲ್ಲಿ ಕಲ್ಲಿನ ಪದರ ಬಂದು, ಗುದ್ದಲಿಯ ಕಾವು ಮುರಿಯಿತು. ಡಬ್ಬಿಗೆ ಮಣ್ಣು, ತೋಟದ ಚೂರು, ಒಂದಿಷ್ಟು ಗೆದ್ದಲು ತುಂಬಿ ಮುಚ್ಚಿದೆ.

ಆಟೋ ಕಲ್ಲಿದ್ದಲಿನ ಲಾರಿಗಳ ಹಿಂದೆ ನಿಂತು ನಿಂತು ಸಾಗುತ್ತಿತ್ತು. ಅವ್ವ ಡಬ್ಬಿಯನ್ನು ತನ್ನ ಮಡಿಲಲ್ಲೇ ಇಟ್ಟುಕೊಂಡಿದ್ದಳು. ಮಣ್ಣಾದ ಕೈಯಲ್ಲಿ ಹಣೆ ಒರೆಸಿಕೊಂಡು ವಿಭೂತಿ ಅಳಿಸಿ ಹೋಗಿತ್ತು.

"ರಾಣಿ ಸಿಕ್ಕಳೇನು?"

"ಸಿಕ್ಕಳವ್ವ."

"ಹಂಗಾರ ಪಾಪ ದಂಡಾಗಲಿಲ್ಲ ಬಿಡು" ಎಂದು ಅವ್ವ ಸೀಟಿಗೆ ತಲೆಯಾನಿಸಿದಳು.

ರಾಣಿ ಇಲ್ಲದ ಆ ಡಬ್ಬಿಗೆ ದೀಪಾವಳಿಯವರೆಗೂ ನೀರು ಚಿಮುಕಿಸಿದೆ. ಗೆದ್ದಲು ಅದಕ್ಕಿಂತ ಬಹಳ ಮೊದಲೇ ಮುಗಿದಿದ್ದವು. ಅವ್ವ ಬಾಲ್ಕನಿಗೆ ಬಂದು ಇಣುಕದಂತೆ ಡಬ್ಬಿಗೆ ಒದ್ದೆ ಬಟ್ಟೆ ಹೊದಿಸಿದೆ. ಮಹಾಲ್‌ನ ಕಾಲೇಜಿನಲ್ಲಿ ನನ್ನ ತಾಸು ಹೋಯಿತು, ಉಮರೇಡ್ ರಸ್ತೆಯ ಕಾಲೇಜಿನಲ್ಲಿ ಒಂದಿಷ್ಟು ಉಳಿದಿದೆ. ಇರುವೆಗಳ ಪಾಠ ಈಗಲೂ ಮಾಡುತ್ತೇನೆ. ಮನೆಗೆ ಬಂದಾಗ ಅವ್ವ ಒಮ್ಮೊಮ್ಮೆ, "ಇನ್ನೂ ಕೊಡಲಿಲ್ಲೇನ ನಿನ್ನ ಪದವಿ?" ಎಂದು ಕೇಳುತ್ತಾಳೆ. ಯುನಿವರ್ಸಿಟಿ ಕೆಲಸ, ತಡ ಆಗ್ತತಿ ಎನ್ನುತ್ತೇನೆ. ಕೊಟ್ಟಾರು ಬಿಡು, ನಾ ಇರೂದ್ರಾಗ ಕೊಟ್ಟಾರು ಎನ್ನುತ್ತಾಳೆ.